ಮಾನವೂ ಮತವೂ

ಮತವೆಂಬ ಶಬ್ದಕ್ಕೆ ಕನ್ನಡದಲ್ಲಿ ಮೂರು ಅರ್ಥಗಳು ರೂಢಿಯಲ್ಲಿವೆ. ಒಬ್ಬನ ಅಭಿಪ್ರಾಯವು ಅವನ ಮತ. ಒಂದು ಸಮುದಾಯವು ನಂಬಿ ನಡೆಯುವ ಧರ್ಮಮಾರ್ಗವು ಮತ. ಚುನಾವಣೆಯಲ್ಲಿ ಪ್ರಜೆಯು ನೀಡುವುದೂ ಮತವೇ. ಈ ಮೂರಕ್ಕೂ ಮೂಲವು ಸಂಸ್ಕೃತದ ‘ಮನ್’ ಎಂಬ ಧಾತು. ಎಣಿಸು, ಭಾವಿಸು, ಮನನಮಾಡು ಎಂಬುದು ಅದರ ಅರ್ಥ. ಗೌರವವೆಂಬ ಅರ್ಥದ ‘ಮಾನ’ ಶಬ್ದವೂ ಅದೇ ಧಾತುವಿನಿಂದ ಹುಟ್ಟಿದ್ದಾಗಿದೆ. ಒಂದೇ ಬೇರಿನಿಂದ ಒಡೆದ ಈ ಎರಡು ಶಬ್ದಗಳಿಗೆ ಇರುವ ನಂಟು ವ್ಯಾಕರಣದಲ್ಲಿ ಮಾತ್ರವಲ್ಲದೆ ಲೋಕವ್ಯವಹಾರದಲ್ಲಿಯೂ ಉಂಟೆಂಬುದು ಸ್ವಲ್ಪ ವಿಚಾರಿಸಿ ನೋಡಿದರೆ ತಿಳಿದುಬರುವುದು.

ಸಮಾಜದ ಮೌಲ್ಯಗಳು ಮಾರ್ಪಡುತ್ತಿರುವ ಕಾಲದಲ್ಲಿ, ಜನರನ್ನು ‘ನಮ್ಮವರು’ ‘ಅನ್ಯರು’ ಎಂದು ಬೇರ್ಪಡಿಸಿ, ಹಳೆಯ ಕಟ್ಟನ್ನು ಬಲದಿಂದಲಾದರೂ ಮರಳಿ ತರುವೆವೆಂದು ಸಾರುವ ಪಕ್ಷಗಳ ಕಡೆಗೆ ಸಜ್ಜನರಾದ ಗೃಹಸ್ಥರ ಮತವೂ ಹರಿಯುವುದುಂಟು. ಇದಕ್ಕೆ ಕಾರಣವೇನು? ಹಾಗೆ ಹರಿದಾಗ ದೋಷವು ಯಾರದು? ಶರಣಮಾರ್ಗದಲ್ಲಿ ನಡೆಯುವವನು ಇಂತಹ ಕಾಲದಲ್ಲಿ ತನ್ನ ಮನಸ್ಸನ್ನು ಹೇಗೆ ಪರೀಕ್ಷಿಸಿಕೊಳ್ಳತಕ್ಕದ್ದು? ಈ ಮೂರು ಪ್ರಶ್ನೆಗಳೇ ಇಲ್ಲಿಯ ವಿಚಾರ. ಇಂಥ ಪಕ್ಷಕ್ಕೇ ಮತ ನೀಡಿರೆಂದಾಗಲಿ ನೀಡಬೇಡಿರೆಂದಾಗಲಿ ಹೇಳುವುದು ಈ ಲೇಖನದ ಉದ್ದೇಶವಲ್ಲ.

ಈ ವಿಷಯವನ್ನು ಪಾಶ್ಚಾತ್ಯ ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ. ಅಮೆರಿಕದ ರೊನಾಲ್ಡ್ ಇಂಗಲ್‌ಹಾರ್ಟ್ ಎಂಬವರು 1977ರಲ್ಲಿ ಒಂದು ಗ್ರಂಥವನ್ನು ರಚಿಸಿ, ಮಹಾಯುದ್ಧಾನಂತರದ ಸುಭಿಕ್ಷದಲ್ಲಿ ಬೆಳೆದ ತರುಣರು ಅನ್ನವಸ್ತ್ರಗಳ ಚಿಂತೆಗಿಂತ ಸ್ವಾತಂತ್ರ್ಯ, ಸ್ತ್ರೀಪುರುಷ ಸಮಾನತೆ, ತಮ್ಮಿಚ್ಛೆಯ ಜೀವನಕ್ರಮ ಮುಂತಾದವುಗಳಿಗೆ ಹೆಚ್ಚಿನ ಬೆಲೆ ಕೊಡುತ್ತಿರುವರೆಂದು ತೋರಿಸಿದರು. ಈ ಬದಲಾವಣೆಯನ್ನು ‘ಮೌನಕ್ರಾಂತಿ’ ಎಂದು ಕರೆದರು. 1992ರಲ್ಲಿ ಇಟಲಿಯ ಪಿಯೆರೊ ಇನ್ಯಾತ್ಸಿ ಎಂಬವರು, ಆ ಮೌನಕ್ರಾಂತಿಗೆ ಎದುರಾಗಿ ಒಂದು ಮೌನ ಪ್ರತಿಕ್ರಾಂತಿಯೂ ಎದ್ದಿರುವುದೆಂದೂ ತೀವ್ರ ಬಲಪಂಥೀಯ ಪಕ್ಷಗಳು ಅದರ ಫಲವೆಂದೂ ವಾದಿಸಿದರು. 2019ರಲ್ಲಿ ಪಿಪ್ಪಾ ನಾರಿಸ್ ಮತ್ತು ಇಂಗಲ್‌ಹಾರ್ಟ್ ಇಬ್ಬರೂ ಸೇರಿ ಇದೇ ವಾದವನ್ನು ವಿಸ್ತರಿಸಿದರು. ಮೌಲ್ಯಗಳು ಒಂದು ಮಿತಿಯನ್ನು ಮೀರಿ ಬದಲಾದಾಗ, ಹಿಂದೆ ಬಹುಸಂಖ್ಯಾತರಾಗಿದ್ದ ಸಂಪ್ರದಾಯಸ್ಥರು ತಮ್ಮ ನಾಡಿನಲ್ಲಿಯೇ ತಾವು ಪರಕೀಯರಾದೆವೆಂದು ಭಾವಿಸಿ ಸೆಟೆದು ನಿಲ್ಲುವರೆಂಬುದು ಅವರ ಅಭಿಪ್ರಾಯದ ಸಾರ.

ಚುನಾವಣೆಗಳ ಫಲಿತಾಂಶವೂ ಉಪೇಕ್ಷಿಸತಕ್ಕದ್ದಲ್ಲ. ಫ್ರಾನ್ಸಿನಲ್ಲಿ 1972ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ರಂಗವೆಂಬ ಪಕ್ಷದ ಅಭ್ಯರ್ಥಿಗೆ 2002ರ ಅಧ್ಯಕ್ಷೀಯ ಚುನಾವಣೆಯ ಎರಡನೆಯ ಸುತ್ತಿನಲ್ಲಿ ಶೇಕಡಾ 18ರಷ್ಟೂ ಮತಗಳು ಬರಲಿಲ್ಲ. ಹೆಸರು ಬದಲಿಸಿಕೊಂಡ ಅದೇ ಪಕ್ಷದ ಅಭ್ಯರ್ಥಿಗೆ 2022ರಲ್ಲಿ ಶೇಕಡಾ 41ಕ್ಕಿಂತ ಹೆಚ್ಚು ಬಂದವು. ಜರ್ಮನಿಯಲ್ಲಿ 2013ರಲ್ಲಿ ಹುಟ್ಟಿದ ಇಂತಹುದೇ ಪಕ್ಷವೊಂದು 2025ರ ಚುನಾವಣೆಯಲ್ಲಿ ಶೇಕಡಾ 20ನ್ನು ಮೀರಿತು. ಇದಕ್ಕೆ ಮೌಲ್ಯಗಳ ಬದಲಾವಣೆಯೊಂದೇ ಕಾರಣವೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಜೀವನೋಪಾಯದ ಅಭದ್ರತೆಯೇ ಮುಖ್ಯವೆಂದು ಕೆಲವರು ಹೇಳುವರು. ಸಮಾಜದಲ್ಲಿ ತನ್ನ ಸ್ಥಾನವು ಕೆಳಗಿಳಿಯಿತೆಂಬ ಕೊರಗೇ ಮುಖ್ಯವೆಂದು ಇನ್ನು ಕೆಲವರು ಹೇಳುವರು. ಈ ಕಡೆಯ ಮಾತಿನಲ್ಲಿ ಹೆಚ್ಚಿನ ಸತ್ಯವಿರುವಂತೆ ತೋರುವುದು. ಅದನ್ನು ನಮ್ಮ ನಾಡಿನ ದೃಷ್ಟಾಂತದಿಂದಲೇ ಪರಿಶೀಲಿಸಬಹುದು.

ಆದರೆ ಮೊದಲು ಒಂದು ಎಚ್ಚರಿಕೆಯ ಮಾತು ಅವಶ್ಯ. ಯೂರೋಪಿನ ಅಳತೆಗೋಲಿನಿಂದ ಭಾರತದ ಪಕ್ಷಗಳನ್ನು ಅಳೆಯುವುದು ಸುಲಭವಲ್ಲ. ಭಾರತೀಯ ಜನತಾ ಪಕ್ಷವನ್ನು ಆ ವರ್ಗಕ್ಕೆ ಸೇರಿಸುವ ವಿದ್ವಾಂಸರುಂಟು, ಸೇರಿಸಲೊಪ್ಪದವರೂ ಉಂಟು, ಆ ಪಕ್ಷವಂತೂ ಅದನ್ನು ಒಪ್ಪುವುದಿಲ್ಲ. ಅನ್ಯರನ್ನು ಕಂಡು ಬೆದರುವ ಭಾವವು ಒಂದೇ ಪಕ್ಷದ ಸೊತ್ತೂ ಅಲ್ಲ. ಖಾಸಗಿ ಉದ್ಯಮಗಳ ಆಡಳಿತೇತರ ಹುದ್ದೆಗಳಲ್ಲಿ ಶೇಕಡಾ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ 2024ರ ಜುಲೈ ತಿಂಗಳಲ್ಲಿ ಒಪ್ಪಿಗೆಯಿತ್ತು, ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿದದ್ದು ಕಾಂಗ್ರೆಸ್ ಸರ್ಕಾರದ ಸಚಿವಸಂಪುಟ. ಆದುದರಿಂದ ಪಕ್ಷದ ಹೆಸರಿಗಿಂತ ಮತ ನೀಡುವವನ ಮನಸ್ಸನ್ನು ನೋಡುವುದೇ ಇಲ್ಲಿ ಯುಕ್ತ.

ಇದಕ್ಕೆ ಬೆಂಗಳೂರಿನ ದಂಡು ಪ್ರದೇಶಕ್ಕಿಂತ ತಕ್ಕ ಸ್ಥಳವು ಬೇರೆ ದೊರೆಯಲಾರದು. ಹಲಸೂರು ಪುರಾತನವಾದ ಗ್ರಾಮ. ಅಲ್ಲಿಯ ಸೋಮೇಶ್ವರ ದೇವಾಲಯವು ಆಂಗ್ಲರ ದಂಡು ಬರುವುದಕ್ಕೆ ಶತಮಾನಗಳ ಹಿಂದಿನದು. 1809ರಲ್ಲಿ ಆ ಗ್ರಾಮದ ಆಸುಪಾಸಿನಲ್ಲಿಯೇ ಬ್ರಿಟಿಷರು ಸೈನ್ಯದ ಠಾಣ್ಯವನ್ನು ಸ್ಥಾಪಿಸಿದರು. ಸೈನ್ಯದ ಹಿಂದೆ ತಮಿಳುನಾಡಿನಿಂದ ಸಿಪಾಯಿಗಳೂ ಕೂಲಿಗಾರರೂ ವರ್ತಕರೂ ಬಂದರು. ಉರ್ದುವನ್ನಾಡುವ ವ್ಯಾಪಾರಿಗಳೂ ತೆಲುಗರೂ ಆಂಗ್ಲೋ ಇಂಡಿಯನ್ನರೂ ನೆಲೆಸಿದರು. ಈಗಿನ ಶಿವಾಜಿನಗರಕ್ಕೆ ಅಂದು ಬ್ಲಾಕ್‌ಪಲ್ಲಿಯೆಂದು ಹೆಸರಿತ್ತು. ಪೇಟೆಯು ಮೈಸೂರು ಅರಸರದು, ದಂಡು ಆಂಗ್ಲರದು. ನಡುವೆ ಕಬ್ಬನ್ ಉದ್ಯಾನ. 1947ರಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಊರುಗಳು ಸೇರಿ ಒಂದು ನಗರಸಭೆಯಾಯಿತು. ಕಾಗದದ ಮೇಲೆ ಒಂದಾದ ಊರು ಮನಸ್ಸಿನಲ್ಲಿ ಒಂದಾಗಲು ಹೆಚ್ಚಿನ ಕಾಲ ಬೇಕಾಯಿತು. 1956ರಲ್ಲಿ ಕನ್ನಡ ನಾಡು ಏಕೀಕೃತವಾದ ಮೇಲೂ ರಾಜಧಾನಿಯ ಪೂರ್ವಭಾಗದಲ್ಲಿ ಕನ್ನಡಿಗನು ಕನ್ನಡ ಮಾತಾಡಿ ಉತ್ತರ ಪಡೆಯುವುದು ನಿಶ್ಚಿತವಾಗಿರಲಿಲ್ಲ.

ಕನ್ನಡ ಚಳವಳಿಯು ಹುಟ್ಟಿದ್ದು ಈ ನೋವಿನಿಂದ. 1962ರಲ್ಲಿ ಅ.ನ. ಕೃಷ್ಣರಾಯರು ಬೆಂಗಳೂರಿನ ರಾಮೋತ್ಸವದ ಸಂಗೀತ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೆ ತಕ್ಕ ಸ್ಥಾನವಿಲ್ಲವೆಂದು ಪ್ರತಿಭಟಿಸಿದರು. ಗಮನಿಸಬೇಕಾದುದೇನೆಂದರೆ, ಅಲ್ಲಿ ಕೇಳಿದ್ದು ಅನ್ಯರ ಅನ್ನವನ್ನಲ್ಲ, ತಮ್ಮ ಮಾನವನ್ನು. 1982ರ ಗೋಕಾಕ್ ಚಳವಳಿಯೂ ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮಸ್ಥಾನವನ್ನು ಕೇಳಿದ ಚಳವಳಿ. ಇವು ನ್ಯಾಯವಾದ ಬೇಡಿಕೆಗಳಲ್ಲವೆಂದು ಯಾರೂ ಹೇಳಲಾರರು. ಆದರೆ ಅದೇ ನೋವು 1991ರ ಡಿಸೆಂಬರಿನಲ್ಲಿ ಬೇರೆ ರೂಪವನ್ನು ತಾಳಿತು. ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶವು ರಾಜಪತ್ರದಲ್ಲಿ ಪ್ರಕಟವಾದೊಡನೆ ನಗರದಲ್ಲಿ ತಮಿಳರ ಮನೆ ಅಂಗಡಿಗಳ ಮೇಲೆ ದಾಳಿಗಳಾದವು, ಜೀವಹಾನಿಯಾಯಿತು, ಸಾವಿರಾರು ಮಂದಿ ಊರು ಬಿಟ್ಟರು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನವು ಕೆಲವೇ ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿದಾಗ ನಡೆದ ಗಲಭೆಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ನದಿಯ ನೀರನ್ನು ಹಂಚಿದವನು ಹಲಸೂರಿನ ಕೂಲಿಯಲ್ಲ. ವಾರ್ತೆಯ ವೇಳೆಯನ್ನು ಗೊತ್ತುಮಾಡಿದವನು ಶಿವಾಜಿನಗರದ ಬಡ ವ್ಯಾಪಾರಿಯಲ್ಲ. ಮಾನವನ್ನು ಕೇಳಲು ಹೊರಟದ್ದು ಪ್ರಾಣವನ್ನು ತೆಗೆದು ಹಿಂದಿರುಗಿತು.

ಇದಾದ ಮೇಲೆ ನಗರದ ಪೂರ್ವಭಾಗವು ಮತ್ತೊಮ್ಮೆ ಬದಲಾಯಿತು. ಹಿಂದೂಸ್ಥಾನ್ ವಿಮಾನ ಕಾರ್ಖಾನೆ 1940ರಲ್ಲಿ, ದೂರವಾಣಿನಗರದ ದೂರವಾಣಿ ಕಾರ್ಖಾನೆ 1948ರಲ್ಲಿ ಹುಟ್ಟಿದವು. ಕೃಷ್ಣರಾಜಪುರದ ಸುತ್ತಣ ಮನೆಗಳಲ್ಲಿ ಒಬ್ಬನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದರೆ ಇಡೀ ಮನೆತನಕ್ಕೆ ಊರುಗೋಲು ಸಿಕ್ಕಂತೆ ಆಗುತ್ತಿದ್ದಿತು. 1990ರ ದಶಕದ ನಂತರ ದೂರವಾಣಿ ಕಾರ್ಖಾನೆಯ ಉದ್ಯೋಗಗಳು ಕುಗ್ಗಿದವು. ಹಳೆಯ ಮದರಾಸು ರಸ್ತೆಯ ಎನ್.ಜಿ.ಇ.ಎಫ್. ಕಾರ್ಖಾನೆ ಮುಚ್ಚಿತು. ಅದೇ ಕಾಲದಲ್ಲಿ ವೈಟ್‌ಫೀಲ್ಡಿನಲ್ಲಿ ಗಣಕಯಂತ್ರದ ಉದ್ಯಮಗಳು ಎದ್ದವು. ರಾಗಿಯ ಹೊಲಗಳ ಮೇಲೆ ಬಹುಮಹಡಿಯ ವಸತಿಗಳಾದವು. ನಿವೃತ್ತ ನೌಕರರು ಶಾಂತವಾಗಿ ಬಾಳೋಣವೆಂದು ಮನೆ ಕಟ್ಟಿಕೊಂಡಿದ್ದ ಇಂದಿರಾನಗರದ ಬೀದಿಗಳಲ್ಲಿ ನಡುರಾತ್ರಿಯವರೆಗೆ ಪಾನಗೃಹಗಳ ಸದ್ದು ಕೇಳಬಂದಿತು. 2011ರ ಜನಗಣತಿಯ ಪ್ರಕಾರ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದವರು ಅರ್ಧಕ್ಕಿಂತ ಕಡಿಮೆ.

ಇಂತಹ ಊರಿನ ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅವನು ಲಿಂಗಪೂಜೆಯನ್ನು ತಪ್ಪಿಸದವನು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಅವನ ತಂದೆಯ ಹೊಲವಿದ್ದ ಎಡೆಯಲ್ಲಿ ಈಗ ಕಾವಲುಗಾರನು ನಿಂತು ‘ಯಾರು ಬೇಕು?’ ಎಂದು ಹಿಂದಿಯಲ್ಲಿ ಕೇಳುವನು. ಅಂಗಡಿಯಲ್ಲಿ ಬೆಲ್ಲದ ಬೆಲೆಯನ್ನು ಕನ್ನಡದಲ್ಲಿ ಕೇಳಿದರೆ ಹುಡುಗನು ಮುಖ ನೋಡಿ ಸುಮ್ಮನಾಗುವನು. ಮಗಳು ಸಂಜೆ ಹೊರಟು ಬೆಳಗಿನ ಜಾವ ಬರುವ ಕೆಲಸಕ್ಕೆ ಸೇರಿದ್ದಾಳೆ. ತಂದೆಯ ಎರಡರಷ್ಟು ಸಂಬಳ ಅವಳಿಗೆ. ಮಗನು ಬೇರೆ ಜಾತಿಯ ಹೆಣ್ಣನ್ನು ಮದುವೆಯಾಗುವೆನೆಂದಿದ್ದಾನೆ. ‘ನಿಮಗಿದೆಲ್ಲ ತಿಳಿಯುವುದಿಲ್ಲ ಬಿಡಿ, ಅಪ್ಪಾಜಿ’ ಎಂಬ ಮಾತು ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಬರುವುದು. ಇವನಿಗೆ ಅನ್ನಕ್ಕೆ ಕೊರತೆಯಿಲ್ಲ. ಮಗಳ ಸಂಪಾದನೆಯನ್ನು ಕಂಡು ಒಳಗೊಳಗೆ ಹೆಮ್ಮೆಯೂ ಉಂಟು. ಆದರೂ ಮೊದಲು ಊರಲ್ಲಿ, ಮನೆಯಲ್ಲಿ ತನ್ನ ಮಾತಿಗಿದ್ದ ಬೆಲೆ ಈಗಿಲ್ಲವೆಂಬುದು ಅವನನ್ನು ಸುಡುವುದು.

ಇಂತಹವನ ಬಳಿಗೆ ಒಬ್ಬನು ಬಂದು, ‘ನಿಮ್ಮ ಮಾನವನ್ನು ಇಂಥವರು ಕದ್ದರು’ ಎಂದು ಬೆರಳು ತೋರಿಸಿದರೆ ಆ ಮಾತು ಅವನ ಎದೆಗೆ ನಾಟುವುದು ಸಹಜ. ತೋರಿಸಿದ ಬೆರಳು ಇಂದು ತಮಿಳನ ಕಡೆಗೆ, ನಾಳೆ ಮುಸಲ್ಮಾನನ ಕಡೆಗೆ, ಮರುದಿನ ಉತ್ತರದಿಂದ ಬಂದವನ ಕಡೆಗೆ, ಅದರ ಮರುದಿನ ಪಾನಗೃಹಕ್ಕೆ ಹೋದ ಹೆಣ್ಣುಮಕ್ಕಳ ಕಡೆಗೆ ತಿರುಗಬಹುದು. 2009ರ ಜನವರಿಯಲ್ಲಿ ಮಂಗಳೂರಿನ ಪಾನಗೃಹದಲ್ಲಿ ತರುಣಿಯರನ್ನು ಹೊಡೆದವರು ಸಂಸ್ಕೃತಿಯನ್ನು ರಕ್ಷಿಸಿದೆವೆಂದೇ ಹೇಳಿಕೊಂಡರು. ಗುರಿ ಬದಲಾಗುತ್ತಿರುವುದೇ ಒಂದು ವಿಷಯವನ್ನು ಸ್ಪಷ್ಟಪಡಿಸುವುದು: ನೋವು ನಿಜ, ಆದರೆ ತೋರಿಸಿದ ಬೆರಳು ನಿಜವಲ್ಲ. ಗೃಹಸ್ಥನ ಹೊಲವನ್ನು ಕಾವಲುಗಾರನು ಕದಿಯಲಿಲ್ಲ. ಅವನ ಕಾರ್ಖಾನೆಯನ್ನು ಅಂಗಡಿಯ ಹುಡುಗನು ಮುಚ್ಚಲಿಲ್ಲ.

ಮೌಲ್ಯಗಳ ಬದಲಾವಣೆಯು ನೇರವಾಗಿ ಮತವನ್ನು ಬದಲಿಸುವುದಿಲ್ಲ, ಮಾನಹಾನಿಯ ಭಾವವೇ ನಡುವೆ ನಿಂತು ಬದಲಿಸುವುದು ಎಂಬುದಕ್ಕೆ ಕರ್ನಾಟಕದ ಚುನಾವಣೆಗಳಲ್ಲಿ ಬೇರೆ ಆಧಾರವೂ ಉಂಟು. ಅದು ಲಿಂಗಾಯತ ಗೃಹಸ್ಥರಿಗೆ ಚೆನ್ನಾಗಿ ತಿಳಿದದ್ದೇ. 1989ರಲ್ಲಿ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಕಾಂಗ್ರೆಸ್ ಪಕ್ಷವು 178 ಸ್ಥಾನಗಳನ್ನು ಗಳಿಸಿತು. ಆಗ ಭಾರತೀಯ ಜನತಾ ಪಕ್ಷಕ್ಕೆ ಬಂದವು ನಾಲ್ಕೇ. 1990ರ ಅಕ್ಟೋಬರಿನಲ್ಲಿ ಪಾಟೀಲರು ಅಸ್ವಸ್ಥರಾಗಿದ್ದಾಗ ಅವರನ್ನು ಮುಖ್ಯಮಂತ್ರಿ ಪದವಿಯಿಂದ ಇಳಿಸಲಾಯಿತು. ಆ ಅಪಮಾನವನ್ನು ಸಮಾಜದ ಬಹುಮಂದಿ ತಮಗಾದ ಅಪಮಾನವೆಂದೇ ತಿಳಿದರು. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಇಳಿಯಿತು. ಭಾರತೀಯ ಜನತಾ ಪಕ್ಷ 40ಕ್ಕೆ ಏರಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಈ ಗಾಯವು ಒಂದು ಮುಖ್ಯ ಕಾರಣವೆಂದು ರಾಜಕೀಯವನ್ನು ಬಲ್ಲವರು ಹೇಳುವರು. 2008ರಲ್ಲಿ ಆ ಪಕ್ಷಕ್ಕೆ 110 ಸ್ಥಾನಗಳು ಬಂದು ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಗಳಾದರು. 2011ರಲ್ಲಿ ಅವರು ಪದವಿ ಬಿಟ್ಟು, ಮರುವರ್ಷ ಬೇರೆ ಪಕ್ಷವನ್ನು ಕಟ್ಟಿದಾಗ 2013ರಲ್ಲಿ ಅದೇ ಭಾರತೀಯ ಜನತಾ ಪಕ್ಷವು ಮರಳಿ 40ಕ್ಕೆ ಇಳಿಯಿತು. ಮತದಾರನು ಸಿದ್ಧಾಂತಕ್ಕೆ ಕಟ್ಟುಬಿದ್ದು ಮತ ನೀಡುತ್ತಿದ್ದರೆ ಎರಡು ವರ್ಷಗಳಲ್ಲಿ ಇಷ್ಟು ಬದಲಾಗುತ್ತಿರಲಿಲ್ಲ. ಅವನು ಹಿಂಬಾಲಿಸಿದ್ದು ತನ್ನ ಮಾನವನ್ನು. ಅತ್ತ, ಉಗ್ರವಾದುದನ್ನೇ ನುಡಿದು ನಿಂತವರಿಗೆ ಕನ್ನಡಿಗನು ಬಹಳ ಮತಗಳನ್ನು ಕೊಟ್ಟದ್ದೂ ಇಲ್ಲ. 2023ರಲ್ಲಿ ಕಾರ್ಕಳದಿಂದ ಸ್ಪರ್ಧಿಸಿದ ಶ್ರೀರಾಮ ಸೇನೆಯ ನಾಯಕರಿಗೆ ದೊರೆತವು ಐದು ಸಾವಿರಕ್ಕಿಂತ ಕಡಿಮೆ ಮತಗಳು.

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ‘ಇಂತಹ ಮತವೆಲ್ಲ ಸಂಕುಚಿತ ಬುದ್ಧಿಯ ಫಲ, ಕಾಲಕ್ಕೆ ತಕ್ಕಂತೆ ನಡೆಯಲಾರದ ಮುದುಕರ ಹಟ, ಇದಕ್ಕೆ ಮರುಕ ಬೇಕಿಲ್ಲ’ ಎಂಬುದು ಮೊದಲನೆಯದು. ಇದು ಸಾಧುವಲ್ಲ. ಮಾನ ಹೋಯಿತೆಂದು ನೊಂದವನನ್ನು ಮೂಢನೆಂದು ಜರೆಯುವುದು ಗಾಯಕ್ಕೆ ಉಪ್ಪನ್ನು ಸವರಿದಂತೆ. ಹಾಗೆ ಜರೆದವರೇ ಅವನನ್ನು ಬೆರಳು ತೋರಿಸುವವನ ಕೈಗೆ ಒಪ್ಪಿಸುವರು. ಊರಿಗೆ ಬಂದು ಹತ್ತು ವರ್ಷವಾದರೂ ಊರ ಭಾಷೆಯಲ್ಲಿ ನಾಲ್ಕು ಮಾತು ಕಲಿಯದವನಿಗೂ, ತಂದೆಯ ಭಸ್ಮವನ್ನು ನೋಡಿ ನಗುವ ಮಗನಿಗೂ ಈ ದೋಷದಲ್ಲಿ ಪಾಲುಂಟು.

‘ನೋವು ನಿಜವಾದ ಮೇಲೆ, ಆ ನೋವಿನಿಂದ ಹುಟ್ಟಿದ ಮತವೂ ನ್ಯಾಯವಾದದ್ದೇ’ ಎಂಬುದು ಎರಡನೆಯ ಪೂರ್ವಪಕ್ಷ. ಇದೂ ಸಾಧುವಲ್ಲ. ಹೊಟ್ಟೆಯ ಹಸಿವು ನಿಜವೆಂದ ಮಾತ್ರಕ್ಕೆ ಕಳವು ನ್ಯಾಯವಾಗುವುದಿಲ್ಲ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಮರಾಠಿ ತರುಣರ ನಿರುದ್ಯೋಗವು ನಿಜವಾಗಿಯೇ ಇದ್ದಿತು. ಆದರೆ ಬೆರಳು ತಿರುಗಿದ್ದು ದಕ್ಷಿಣದಿಂದ ಹೋಗಿ ಗುಮಾಸ್ತಗಿರಿ ಮಾಡುತ್ತಿದ್ದವರ ಕಡೆಗೆ, ಉಡುಪಿಯ ಹೋಟೆಲುಗಳ ಕಡೆಗೆ. ಅಂದು ಆ ಹೋಟೆಲಿನ ಗಾಜು ಒಡೆದದ್ದು ಅನ್ಯಾಯವಾದರೆ, ಇಂದು ಶಿವಾಜಿನಗರದ ಅಂಗಡಿಯ ಗಾಜು ಒಡೆಯುವುದು ನ್ಯಾಯವಾಗಲಾರದು. ನೆಲ ಬದಲಾದರೆ ಧರ್ಮ ಬದಲಾಗುವುದಿಲ್ಲ.

ಹಾಗಾದರೆ ಸಿದ್ಧಾಂತವೇನು? ಅದಕ್ಕೆ ಕಲ್ಯಾಣದ ಕಥೆಯ ಕಡೆಗೆ ನೋಡಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣವು ಇಂದಿನ ಬೆಂಗಳೂರಿನಂತೆ ದೂರದೂರದಿಂದ ಜನ ಬಂದು ಸೇರಿದ ಪಟ್ಟಣ. ಶರಣಪರಂಪರೆಯು ಹೇಳುವಂತೆ ಮೋಳಿಗೆಯ ಮಾರಯ್ಯನು ಕಾಶ್ಮೀರದಿಂದ ಬಂದವನು. ಆದಯ್ಯನು ಸೌರಾಷ್ಟ್ರದಿಂದ ಕನ್ನಡ ನಾಡಿಗೆ ಬಂದ ವರ್ತಕ. ಅಲ್ಲಿ ಮೌಲ್ಯಗಳು ಬುಡಮೇಲಾಗಿ ಬದಲಾದವು. ಅಂಬಿಗನೂ ಮಡಿವಾಳನೂ ಮಂತ್ರಿಯೊಡನೆ ಸಮವಾಗಿ ಕುಳಿತು ಅನುಭಾವವನ್ನು ನುಡಿದರು. ಹೆಂಗಸರು ವಚನಗಳನ್ನು ರಚಿಸಿದರು. ಕೊನೆಗೆ ವಿಪ್ರಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ವಿವಾಹವಾಯಿತು. ಆಗ ಪಟ್ಟಣದ ಸಂಪ್ರದಾಯಸ್ಥರು ಬೆದರಿದರು. ಅವರೆಲ್ಲರೂ ದುಷ್ಟರೆಂದು ತಿಳಿಯಬೇಕಾದುದಿಲ್ಲ. ಅವರಲ್ಲಿ ಮಕ್ಕಳ ಮೇಲೆ ಮಮತೆಯುಳ್ಳವರೂ ಕುಲಾಚಾರದಲ್ಲಿ ಶ್ರದ್ಧೆಯುಳ್ಳವರೂ ಇದ್ದಿರಬೇಕು. ತಮ್ಮ ಮಾನ ಮಣ್ಣುಪಾಲಾಯಿತೆಂದು ಅವರು ಅರಸನ ಬಳಿಗೆ ಹೋದರು. ಅಂದು ಚುನಾವಣೆಯಿರಲಿಲ್ಲ, ಇದ್ದಿದ್ದರೆ ಅವರ ಮತ ಯಾವ ಕಡೆಗೆ ಬೀಳುತ್ತಿತ್ತೆಂಬುದು ಹೇಳದೆಯೇ ತಿಳಿಯುವುದು. ಬಿಜ್ಜಳನ ಆಜ್ಞೆಯಿಂದ ಹರಳಯ್ಯ ಮಧುವರಸರು ಆನೆಯ ಕಾಲಿಗೆ ಕಟ್ಟಿಸಿಕೊಂಡು ಸತ್ತರು.

ಪಾಶ್ಚಾತ್ಯ ವಿದ್ವಾಂಸರು ಪ್ರತಿಕ್ರಾಂತಿಯೆಂದು ಕರೆಯುವುದು ಇದನ್ನೇ. ಲಿಂಗಾಯತ ಗೃಹಸ್ಥನು ಮರೆಯಬಾರದ ಸಂಗತಿಯೊಂದುಂಟು. ಆ ಕಥೆಯಲ್ಲಿ ಅವನ ಹಿರಿಯರು ಬೆದರಿದವರ ಸಾಲಿನಲ್ಲಿ ಇರಲಿಲ್ಲ. ಯಾರನ್ನು ಕಂಡು ಊರು ಬೆದರಿತೋ ಅವರ ಸಾಲಿನಲ್ಲಿದ್ದರು. ಅಂದು ಬೆರಳು ತೋರಿಸಿದ್ದು ಅವರ ಕಡೆಗೆ. ಇಂದು ಮಗನ ವಿವಾಹಕ್ಕಾಗಿ, ಮಗಳ ಕೆಲಸಕ್ಕಾಗಿ, ನೆರೆಯವನ ಭಾಷೆಗಾಗಿ ಅವನೇ ಬೆದರಿ ನಿಂತರೆ, ಕಲ್ಯಾಣದ ಬೀದಿಯಲ್ಲಿ ಎದುರು ಸಾಲಿಗೆ ಹೋಗಿ ನಿಂತಂತೆ ಆಗುವುದಲ್ಲವೆ?

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹರಳಯ್ಯನ ಮರಣದಿಂದ ನೊಂದ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದು ಪರಂಪರೆಯು ಹೇಳುವುದು. ಅಪಮಾನವು ನ್ಯಾಯವಾದ ಪಕ್ಷದಲ್ಲಿ ನಿಂತವರ ಕೈಯಲ್ಲಿಯೂ ಕತ್ತಿಯನ್ನು ಹಿಡಿಸಿತು. ಫಲವೇನಾಯಿತು? ಕಲ್ಯಾಣವು ಶರಣರಿಗೆ ಇಲ್ಲದಂತಾಯಿತು. ಚನ್ನಬಸವಣ್ಣನವರೊಡನೆ ಅವರು ಉಳವಿಯ ಕಾಡಿನ ದಾರಿ ಹಿಡಿದರು. ನೊಂದ ಮಾನಕ್ಕೆ ಸೇಡು ಮದ್ದಲ್ಲವೆಂಬುದನ್ನು ಈ ಭಾಗವು ಎರಡು ಪಕ್ಷದವರಿಗೂ ಬೋಧಿಸುವುದು.

ಮದ್ದು ಯಾವುದೆಂಬುದನ್ನು ಶರಣರು ಬದುಕಿ ತೋರಿಸಿದರು. ಮಾನವು ಇತರರು ಕೊಟ್ಟರೆ ಬರುವುದು, ಕಸಿದರೆ ಹೋಗುವುದು ಎಂಬ ಭಾವನೆಯೇ ಭಯಕ್ಕೆ ಮೂಲ. ಮೋಳಿಗೆಯ ಮಾರಯ್ಯನು ಅರಸುತನವನ್ನು ಬಿಟ್ಟು ಕಲ್ಯಾಣದಲ್ಲಿ ಸೌದೆಯನ್ನು ಮಾರಿ ಜಂಗಮದಾಸೋಹವನ್ನು ನಡೆಯಿಸಿದನು. ಲೋಕದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪತನವಿಲ್ಲ. ಆದರೂ ಅವನ ಮಾನಕ್ಕೆ ಕುಂದು ಬರಲಿಲ್ಲ. ಏಕೆಂದರೆ ಅದು ಸಿಂಹಾಸನದ ಮೇಲೆ ನಿಂತಿರದೆ ಕಾಯಕದ ಮೇಲೆ ನಿಂತಿತ್ತು. ಇಷ್ಟಲಿಂಗವನ್ನು ಪ್ರತಿಯೊಬ್ಬನ ಅಂಗದ ಮೇಲೆಯೇ ಇರಿಸಿದ್ದರ ಒಂದು ಅರ್ಥವೂ ಇದೇ: ಮನುಷ್ಯನಿಗೆ ಸಲ್ಲತಕ್ಕ ಮಹಿಮೆಯು ಅವನ ಎದೆಯ ಮೇಲಿದೆ, ಬೀದಿಯಲ್ಲಿ ಹೋಗುವವನ ಬಾಯಲ್ಲಿಲ್ಲ.

ಪ್ರಾಚೀನರು ಅರಿಷಡ್ವರ್ಗಗಳಲ್ಲಿ ಮದವನ್ನೂ ಮತ್ಸರವನ್ನೂ ಎಣಿಸಿದರು. ಸ್ವಂತ ಕಾಯಕದ ಮೇಲೆ ನಿಂತದ್ದು ಮಾನ. ನಿಲ್ಲುವುದಕ್ಕೆ ಇನ್ನೊಬ್ಬನ ಬೆನ್ನು ಬೇಕೆನ್ನುವುದು ಮದ. ಇನ್ನೊಬ್ಬನು ಎದ್ದುನಿಂತರೆ ತಾನು ಬಿದ್ದೆನೆಂದು ಎಣಿಸುವುದು ಮತ್ಸರ. ಮೂರೂ ಹೊರಗೆ ಒಂದೇ ಮುಖವನ್ನು ಧರಿಸಿ ಬರುವುದರಿಂದ ಗುರುತಿಸುವುದು ಕಷ್ಟ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳುಹಿಸಿದಳು. ಮಾನದ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುವುದು. ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಉತ್ತರ ದೊರೆಯಬೇಕೆಂಬುದು, ದುಡಿದವನಿಗೆ ಕೆಲಸ ಬೇಕೆಂಬುದು, ಮನೆಯ ಹಿರಿಯನ ಮಾತಿಗೆ ಕಿವಿಗೊಡಬೇಕೆಂಬುದು ಆ ದಿನದ ಅಕ್ಕಿ. ಅದನ್ನು ಕೇಳುವುದರಲ್ಲಿ ದೋಷವಿಲ್ಲ. ನೆರೆಯವನು ತಲೆ ತಗ್ಗಿಸಿ ನಡೆಯಬೇಕೆಂಬುದು ಹೆಚ್ಚಿನ ಅಕ್ಕಿ. ಅದನ್ನು ಮರಳಿ ಸುರಿದು ಬರಬೇಕು.

ಈ ವಿವೇಕವು ಲೋಕವ್ಯವಹಾರದಲ್ಲಿ ಸಾಧ್ಯವಲ್ಲವೆನ್ನುವವರು ಹಲಸೂರು ಕೆರೆಯ ಬಳಿಗೆ ಹೋಗಿ ನೋಡಬಹುದು. ತಮಿಳರ ಮಹಾಕವಿ ತಿರುವಳ್ಳುವರ್ ಅವರ ಪ್ರತಿಮೆಯೊಂದು ಅಲ್ಲಿ 1991ರಲ್ಲಿಯೇ ಸ್ಥಾಪಿತವಾಯಿತು. ಆದರೆ ವಿರೋಧದ ಕಾರಣ ಅದರ ಮುಸುಕು ತೆಗೆಯಲಾಗಲಿಲ್ಲ. ಅತಿಥಿಸತ್ಕಾರವನ್ನೂ ಸವಿನುಡಿಯನ್ನೂ ಬೋಧಿಸಿದ ಕವಿಯು ಹದಿನೆಂಟು ವರ್ಷ ಮುಸುಕಿನಲ್ಲಿ ನಿಂತನು. 2009ರಲ್ಲಿ ಎರಡು ರಾಜ್ಯಗಳ ಸರ್ಕಾರಗಳೂ ಒಂದು ಒಡಂಬಡಿಕೆಗೆ ಬಂದವು. ಆಗಸ್ಟ್ 9ರಂದು ಯಡಿಯೂರಪ್ಪನವರ ಸಮ್ಮುಖದಲ್ಲಿ ಕರುಣಾನಿಧಿಯವರು ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಿದರು. ನಾಲ್ಕು ದಿನಗಳ ನಂತರ ಚೆನ್ನೈಯ ಅಯನಾವರಂನಲ್ಲಿ ಕನ್ನಡದ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಅಂದೂ ಕೆಲವರು ವಿರೋಧಿಸಿದರು. ಆದರೆ ಅಂದಿನಿಂದ ಕನ್ನಡಕ್ಕೆ ಒಂದು ಕಾಳಿನಷ್ಟೂ ಹಾನಿಯಾದುದು ಕಾಣದು. ಯಾವ ಪಕ್ಷವನ್ನು ವಿದ್ವಾಂಸರು ಬಲಪಂಥವೆನ್ನುವರೋ ಆ ಪಕ್ಷದ ಮುಖ್ಯಮಂತ್ರಿಯೇ ಇದನ್ನು ನಡೆಯಿಸಿದರೆಂಬುದೂ ಮನನಯೋಗ್ಯ. ಮಾನಕ್ಕೆ ಮಾನ ಸಂದಾಗ ಭಯಕ್ಕೆ ಮೇವು ಇ‌ಲ್ಲವಾಯಿತು. ಪಕ್ಷದ ಹಣೆಪಟ್ಟಿಗಿಂತ ಮನಸ್ಸಿನ ಹದವೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವಿಲ್ಲ.

ಗೃಹಸ್ಥನ ಕರ್ತವ್ಯವು ಚುನಾವಣೆಯ ದಿನ ಆರಂಭವಾಗುವುದಲ್ಲ. ಅದು ಮನೆಯಲ್ಲಿಯೇ ಆರಂಭವಾಗುವುದು. ಮಗನೂ ಮಗಳೂ ಹೊಸ ದಾರಿ ಹಿಡಿದರೆ, ಆ ದಾರಿಯಲ್ಲಿ ಧರ್ಮವುಂಟೆ ಇಲ್ಲವೆ ಎಂದು ಅವರೊಡನೆ ಕುಳಿತು ವಿಚಾರಿಸಲಿ. ಇದ್ದರೆ ಒಪ್ಪಲಿ, ಇಲ್ಲದಿದ್ದರೆ ಅಂಜದೆ ಇಲ್ಲವೆಂದು ಹೇಳಲಿ. ಮನೆಯಲ್ಲಿ ಆಡಬೇಕಾದ ಮಾತನ್ನು ಆಡಲಾರದೆ, ಆ ಸಿಟ್ಟನ್ನು ಮತಗಟ್ಟೆಗೆ ಹೊತ್ತುಕೊಂಡು ಹೋಗುವುದು ತರವಲ್ಲ. ಮಕ್ಕಳೂ ಹಿರಿಯರ ಮಾತನ್ನು ನಗೆಗೆ ಈಡುಮಾಡದಿರಲಿ. ಅಂಗಡಿಯ ಹುಡುಗನಿಗೆ ಕನ್ನಡ ಬಾರದಿದ್ದರೆ ದಿನಕ್ಕೊಂದು ಮಾತನ್ನು ಕಲಿಸುವುದೂ ದಾಸೋಹವೇ. ಬೈದು ಕಲಿಸಿದ ಭಾಷೆ ನಾಲಗೆಗೆ ಬಂದರೂ ಹೃದಯಕ್ಕೆ ಇಳಿಯದು.

ಮತಯಂತ್ರದ ಮುಂದೆ ನಿಂತಾಗ ಯಾರೂ ನೋಡುವುದಿಲ್ಲ. ಯಾರೂ ನೋಡದ ಎಡೆಯಲ್ಲಿ ಲಿಂಗಸಾಕ್ಷಿಯಾಗಿ ನಡೆಯುವುದೇ ಶರಣನ ಲಕ್ಷಣ. ಅಲ್ಲಿ ಅವನು ತನ್ನ ಮನಸ್ಸನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ‘ಈ ಮತವು ನನ್ನ ಮಾನವನ್ನು ಎತ್ತಲೆಂದು ನೀಡುತ್ತಿರುವುದೋ, ಮತ್ತೊಬ್ಬನ ಮಾನವನ್ನು ಇಳಿಸಲೆಂದು ನೀಡುತ್ತಿರುವುದೋ?’ ಮೊದಲನೆಯದಾದರೆ ಯಾವ ಪಕ್ಷಕ್ಕೆ ನೀಡಿದರೂ ಅದು ಪ್ರಜಾಧರ್ಮ. ಎರಡನೆಯದಾದರೆ ಯಾವ ಪಕ್ಷಕ್ಕೆ ನೀಡಿದರೂ ಅದು ಕಲ್ಯಾಣದ ಬೀದಿಯಲ್ಲಿ ಆನೆಯನ್ನು ಬಿಡಿಸಿದವರ ಮತ.